ಫೋರ್‌ಮನ್ ತಿದ್ದಿದ ಪಿಸ್ತೂಲಿನ ಪಟ್ಟಿ

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಎರಡಾಗಿ ಸೀಳಿ, ಹಾಗೆಯೇ ಗಟ್ಟಿಯಾಗಿ ಬೆಳೆದಿತ್ತು. ಆ ಉಗುರಿನಲ್ಲೇ ಅವರು ಕಿತ್ತಳೆ ಸುಲಿಯುತ್ತಿದ್ದರು, ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡುತ್ತಿದ್ದರು, ನನ್ನ ಕಾಗದದಲ್ಲಿ ತಪ್ಪು ಕಂಡರೆ ಗೀಚುತ್ತಿದ್ದರು. ಗೀಚಿದ್ದು ಎಷ್ಟು ಅಂತ ಕೇಳಬೇಡಿ.

ಒಮಾನ್ ದೇಶದ ಸೊಹಾರಿನ ಲೋಹದ ಕಾರ್ಖಾನೆಯೊಂದರಲ್ಲಿ ಅವರು ಟೂಲ್‌ರೂಮಿನ ಫೋರ್‌ಮನ್, ನಾನು ಪರ್ಚೇಸ್ ವಿಭಾಗದವಳು. ಅವರು ಸುಳ್ಯದ ಕಡೆಯವರು. ಸೇನೆಯಲ್ಲಿ ಇಪ್ಪತ್ತು ವರ್ಷ ಬಂದೂಕು ರಿಪೇರಿ ಮಾಡಿ ಆಮೇಲೆ ಒಮಾನಿಗೆ ಬಂದವರು. ಕಂಪನಿ ಬಸ್ಸಿನಲ್ಲಿ ಆರು ವರ್ಷ ನಮ್ಮದು ಅಕ್ಕಪಕ್ಕದ ಸೀಟು. ಎಲ್ಲರೂ ಅವರನ್ನು ಫೋರ್‌ಮನ್ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಹಾಸನದ ಹತ್ತಿರ ಹೆದ್ದಾರಿಯಲ್ಲಿ ನಮ್ಮಪ್ಪನ ಪೆಟ್ರೋಲ್ ಬಂಕ್ ಇದೆ. ಅಪ್ಪನ ಕೈ ನಡುಗಲು ಶುರುವಾದಾಗ, ನಾನೇ ಹೋಗಿ ಬಂಕ್ ನೋಡಿಕೊಳ್ಳುವುದೆಂದು ಖುಷಿಯಿಂದಲೇ ತೀರ್ಮಾನಿಸಿದೆ. ದಿನದ ಹಣ ಸಾಗಿಸುವಾಗ ಅಪ್ಪನ ಸೊಂಟದಲ್ಲಿ ಪರವಾನಗಿಯ ಪಿಸ್ತೂಲು ಇರುತ್ತಿತ್ತು. ರಜೆಯಲ್ಲಿ ಹೋದಾಗ ನಾನೂ ಗುಂಡು ಹೊಡೆಯುವ ತರಬೇತಿ ಮುಗಿಸಿದ್ದೆ, ಪರವಾನಗಿ ನನ್ನ ಹೆಸರಿಗಾಗುವ ಹಂತಕ್ಕೆ ಬಂದಿತ್ತು. ಆ ಹಳೆಯ ಪಿಸ್ತೂಲನ್ನು ನನಗೆ ತಕ್ಕಂತೆ ಸುಧಾರಿಸಿಕೊಳ್ಳಲು ಅಪ್ಪ ಹಾಕಿದ ಮಿತಿ ನಲವತ್ತು ಸಾವಿರ ರೂಪಾಯಿ.

ಪರ್ಚೇಸಿನವಳಲ್ಲವೇ, ಸುಮ್ಮನೆ ಇರುತ್ತೇನೆಯೇ? ಹಿಡಿಕೆಗೆ ದಪ್ಪ ರಬ್ಬರ್, ನಳಿಕೆಯ ತುದಿಗೆ ಕತ್ತಲಲ್ಲಿ ಹೊಳೆಯುವ ಗುರಿಕಡ್ಡಿ, ಬೆರಳು ತಾಗಿಸಿದರೆ ಸಾಕೆನ್ನುವಷ್ಟು ಹಗುರವಾದ ಟ್ರಿಗರ್, ಇನ್ನೂ ಏನೇನೋ. ಒಂದೊಂದಕ್ಕೂ ಮೂರು ಕೊಟೇಶನ್ ತರಿಸಿ, ದರ ಹೋಲಿಕೆಯ ಪಟ್ಟಿ ಮಾಡಿ, ಕೆಳಗೆ ಸಹಿಗೆ ಜಾಗವನ್ನೂ ಬಿಟ್ಟು, ಬಸ್ಸಿನಲ್ಲಿ ಹೆಮ್ಮೆಯಿಂದ ಅವರ ಕೈಗೆ ಕೊಟ್ಟೆ.

"ಎಂತದಿದು ಮಾರಾಯ್ತಿ? ಪಿಸ್ತೂಲಿಗಾ, ಪ್ಲಾಂಟ್ ಶಟ್‌ಡೌನ್ ರಿಪೇರಿಗಾ?" ಎಂದರು. ಆಮೇಲೆ ಕನ್ನಡಕ ಏರಿಸಿ ಕೇಳಿದರು, "ತರಬೇತಿಯಲ್ಲಿ ಎಷ್ಟು ಗುಂಡು ಹೊಡ್ದಿ?"

"ಹತ್ತು."

"ಎಷ್ಟು ತಾಗಿತು?"

"ಮೂರು."

"ಹಾಗಾದ್ರೆ ಪಿಸ್ತೂಲಿಗೆ ಎಂತ ಆಗ್ಲಿಲ್ಲ. ರಿಪೇರಿ ಆಗ್ಬೇಕಾದ್ದು ನೀನು."

ಇನ್ನೊಂದು ಘನಕಾರ್ಯವನ್ನೂ ಮಾಡಿದ್ದೆ. ಸಾಗಣೆ ಅಗ್ಗ ಎಂದು ಕೆಲವು ಬಿಡಿಭಾಗಗಳನ್ನು ಸೊಹಾರಿನ ವಿಳಾಸಕ್ಕೇ ತರಿಸಲು ಫೋನಿನಲ್ಲಿ ಆರಿಸಿಟ್ಟಿದ್ದೆ. ಹೇಳಿದ್ದೇ ತಡ, ಫೋನ್ ಕಿತ್ತುಕೊಂಡರು. "ಖಲಾಸ್! ಇಲ್ಲಿಯ ಕಸ್ಟಮ್ಸ್‌ನಲ್ಲಿ ಪಿಸ್ತೂಲಿನ ಒಂದು ಸ್ಪ್ರಿಂಗ್ ಸಿಕ್ಕಿದ್ರೂ ನೀನು ಊರು ಕಾಣುದಿಲ್ಲ. ದಿನಾ ಕಸ್ಟಮ್ಸ್ ಕಾಗದ ಮಾಡುವವಳು ನೀನೇ ಅಲ್ವಾ?" ಹಡಗುಗಟ್ಟಲೆ ಸಾಮಾನು ಬಿಡಿಸಿಕೊಂಡವಳಿಗೆ ಅಷ್ಟು ಹೊಳೆದಿರಲಿಲ್ಲ. ನನ್ನ ಬುದ್ಧಿಗಿಷ್ಟು ಎಂದುಕೊಂಡು ಎಲ್ಲವನ್ನೂ ಅಳಿಸಿದೆ.

ಶುಕ್ರವಾರ ರಜೆ, ಮನೆಗೆ ಊಟಕ್ಕೆ ಕರೆದರು. ನೀರುದೋಸೆ, ಕೋಳಿಸಾರು. ಊಟವಾದ ಮೇಲೆ ಅಡುಗೆಮನೆಯಿಂದ ಒಂದು ಮುದ್ದೆ ಗೋಧಿಹಿಟ್ಟು ತಂದು ನನ್ನ ಕೈಯಲ್ಲಿಟ್ಟು, "ಪಿಸ್ತೂಲು ಹಿಡಿದ ಹಾಗೆ ಹಿಡಿ, ಒತ್ತು" ಎಂದರು.

"ರಾತ್ರಿಯ ಚಪಾತಿಗೆ ಕಲಸಿಟ್ಟದ್ದು ಅದು!" ಎಂದು ಅವರ ಹೆಂಡತಿ ಒಳಗಿನಿಂದ ಕೂಗಿದರು.

"ಒಂದು ದಿನ ಅನ್ನ ತಿಂದ್ರೆ ಎಂತ ಆಗ್ತದೆ?" ಎಂದು ಇವರು ಬೆರಳಚ್ಚಿನ ಗುಳಿಗಳನ್ನು ಕ್ಯಾಲಿಪರಿನಲ್ಲಿ ಅಳೆಯತೊಡಗಿದರು. ನನ್ನದು ಚಿಕ್ಕ ಕೈ. ದಪ್ಪ ರಬ್ಬರ್ ಹಾಕಿಸಿದ್ದರೆ ಬೆರಳು ಟ್ರಿಗರನ್ನು ಸರಿಯಾಗಿ ಮುಟ್ಟುತ್ತಲೇ ಇರಲಿಲ್ಲವಂತೆ. ತೆಳ್ಳಗಿನ ಮರದ ಹಿಡಿಕೆ ಸಾಕೆಂದು ಅಳತೆ ಬರೆದುಕೊಟ್ಟರು. ಅದನ್ನು ಊರಿನಲ್ಲಿ, ಪರವಾನಗಿ ಇರುವ ರಿಪೇರಿಯವನ ಹತ್ತಿರವೇ ಮಾಡಿಸಬೇಕು. ಹೊಳೆಯುವ ಗುರಿಕಡ್ಡಿಯ ಬದಲು ಒಂದು ಚುಕ್ಕೆ ಬಿಳಿ ಬಣ್ಣ. ಸೊಂಟಕ್ಕೆ ಕಟ್ಟುವ, ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಚರ್ಮದ ಚೀಲಕ್ಕೆ ಮಾತ್ರ ಜಿಪುಣತನ ಮಾಡಬಾರದು. ಉಳಿದದ್ದೆಲ್ಲ ಶೂಟಿಂಗ್ ಕ್ಲಬ್ಬಿಗೆ, ಅಭ್ಯಾಸದ ಗುಂಡುಗಳಿಗೆ.

"ಟ್ರಿಗರ್?" ಎಂದೆ. ಪಟ್ಟಿಯಲ್ಲಿ ನನಗೆ ತುಂಬ ಇಷ್ಟವಾದದ್ದೇ ಅದು.

"ಅದು ಇದ್ದ ಹಾಗೇ ಇರ್ಲಿ."

"ಎಲ್ಲರೂ ಹಗುರ ಮಾಡಿಸ್ತಾರೆ ಫೋರ್‌ಮನ್. ನನ್ನ ಬೆರಳಿಗೆ ಅಷ್ಟು ಶಕ್ತಿ ಇಲ್ಲ."

ಅವರು ಕ್ಯಾಲಿಪರ್ ಕೆಳಗಿಟ್ಟರು. "ನಾನೂ ಒಮ್ಮೆ ಮಾಡಿಕೊಟ್ಟಿದ್ದೆ. ಸುಬೇದಾರ್ ಸಾಹೇಬ್ರು ಕೇಳಿದ್ರು ಅಂತ, ಗುಟ್ಟಲ್ಲಿ. ಮೂರನೇ ದಿನ ಚೀಲಕ್ಕೆ ಹಾಕುವಾಗ ಗುಂಡು ಸಿಡಿದು ಅವರ ತೊಡೆಗೆ ಹೋಯ್ತು. ಕಾಲು ಕುಂಟಾಯ್ತು. ಅವರು ನನ್ನ ಹೆಸ್ರು ಹೇಳ್ಲಿಲ್ಲ. ಹೇಳಿದ್ರೇ ಒಳ್ಳೇದಿತ್ತು." ಅಳತೆಯ ಚೀಟಿಯನ್ನು ನನ್ನತ್ತ ತಳ್ಳಿ, "ಬೇಕಾದ್ರೆ ನನ್ನ ಹತ್ರ ಮಾತು ಬಿಡು. ಟ್ರಿಗರ್ ಮುಟ್ಬೇಡ" ಎಂದರು.

ನಾನು ನಿಜವಾಗಿಯೂ ಮಾತು ಬಿಟ್ಟೆ! ಮೂಗಿನ ತುದಿಯಲ್ಲೇ ಸಿಟ್ಟು ನನಗೆ. ಮೂರು ದಿನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತೆ. ನಾಲ್ಕನೇ ದಿನ ಹಿಂದಿನಿಂದ ಸುಲಿದ ಕಿತ್ತಳೆ ಬಂತು. ಎದ್ದು ಹೋಗಿ ಪಕ್ಕದಲ್ಲಿ ಕೂತು, ಪಟ್ಟಿಯಿಂದ ಆ ಸಾಲನ್ನು ನಾನೇ ಹೊಡೆದುಹಾಕಿದೆ.

ಊರಿಗೆ ಬಂದು ಬಂಕ್ ವಹಿಸಿಕೊಂಡೆ. ಪಿಸ್ತೂಲಿನ ಕೆಲಸವೆಲ್ಲ ಅವರು ಹೇಳಿದಂತೆಯೇ ಆಯಿತು. ಐದನೇ ತಿಂಗಳಲ್ಲಿ ಒಂದು ಸಂಜೆ, ಹಣದ ಚೀಲ ಹಿಡಿದು ಕಾರಿನ ಬಾಗಿಲು ತೆಗೆಯುತ್ತಿದ್ದೆ. ಹಿಂದಿನಿಂದ ಹೆಲ್ಮೆಟ್ ಹಾಕಿದವನೊಬ್ಬ ನನ್ನತ್ತ ಕೈಚಾಚಿ ಓಡಿಬಂದ. ನನ್ನ ಕೈ ಯಾವಾಗ ಪಿಸ್ತೂಲು ಎಳೆಯಿತೋ ಗೊತ್ತಿಲ್ಲ. ಬೆರಳು ಟ್ರಿಗರಿನ ಮೇಲಿತ್ತು, ಒತ್ತುತ್ತಲೂ ಇತ್ತು. ಅದು ಬಿಗಿಯಾಗಿತ್ತು, ಇನ್ನೂ ಒತ್ತಬೇಕಿತ್ತು.

"ಅಕ್ಕಾ, ನಾನು! ಚೆಕ್ ಬುಕ್ಕು ಮರೆತ್ರಿ!"

ನಮ್ಮ ಗುಮಾಸ್ತರು. ಅಪ್ಪನ ಕಾಲದಿಂದಲೂ ಬಂಕಿನಲ್ಲಿರುವವರು. ಬೆರಳು ತೆಗೆದು, ಪಿಸ್ತೂಲನ್ನು ಸೊಂಟದ ಚೀಲಕ್ಕೆ ಸೇರಿಸಿ, ಅಲ್ಲೇ ನೆಲದ ಮೇಲೆ ಕೂತೆ.

ಸೊಹಾರಿಗೆ ಫೋನ್ ಮಾಡಿ ಅಳುತ್ತಲೇ ಎಲ್ಲ ಹೇಳಿದೆ.

"ಯಾರಿಗಾದ್ರೂ ತಾಗಿತಾ?"

"ಇಲ್ಲ."

"ಮೊದ್ಲು ಅವ್ರಿಗೆ ನೀರು ಕೊಡು, ನೀನೂ ಕುಡಿ. ಯಾರಂತ ನೋಡದೆ ಬೆರಳು ಟ್ರಿಗರಿಗೆ ಹೋದದ್ದು ಯಾಕೆ? ನಾಳೆಯಿಂದ ಪುನಃ ಕ್ಲಬ್ಬಿಗೆ ಹೋಗು" ಎಂದು ಬೈದರು. ಬೈಸಿಕೊಂಡು ಅಷ್ಟು ನೆಮ್ಮದಿಯಾದದ್ದು ಅದೇ ಮೊದಲು.

ಕಳೆದ ತಿಂಗಳು ಆ ಗುಮಾಸ್ತರ ಮಗಳ ಮದುವೆ. ಧಾರೆ ಎರೆಯಲು ಅವರು ಕೈಚಾಚಿದಾಗ ನನಗೆ ತಡೆಯಲಾಗಲಿಲ್ಲ, ಚಪ್ಪರದ ಕಂಬಕ್ಕೆ ಒರಗಿ ಫೋರ್‌ಮನ್ನರಿಗೆ ವಿಡಿಯೋ ಕರೆ ಮಾಡಿದೆ. ಟೂಲ್‌ರೂಮಿನ ಗದ್ದಲದಲ್ಲಿ ನಿಂತಿದ್ದರು.

"ಯಾರದ್ದು ಮದುವೆ?"

"ಅವತ್ತಿನ ಹೆಲ್ಮೆಟ್ಟಿನವರ ಮಗಳದ್ದು. ನೀರು ಎರೀತಿದ್ದಾರಲ್ಲ, ಅವರೇ."

ಫೋರ್‌ಮನ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಫೋನ್ ಕಟ್ ಮಾಡ್ಬೇಡ ಮಾರಾಯ್ತಿ," ಎಂದರು. "ಧಾರೆ ಮುಗೀಲಿ."