ಕಳ್ಳಹೆಜ್ಜೆ ಕಲಿಸುವ ಟೀಚರ್

ಬೆಳಗಿನ ಐದೂವರೆ. ಗೋದಾಮಿನ ಮಹಡಿಯ ಕೋಣೆಯಲ್ಲಿ ಅರವತ್ತೆಂಟರ ಹೆಂಗಸೊಬ್ಬರು ಸೆರಗು ಸಿಕ್ಕಿಸಿ, ಭುಜ ಕುಗ್ಗಿಸಿ, ಗೋಡೆ ಸವರಿಕೊಂಡು ನಡೆಯುತ್ತಿದ್ದಾರೆ. ಬೆಂಚುಗಳಲ್ಲಿರುವ ಹದಿನೇಳು ಮಂದಿ (ಹೊಲಿಗೆಯವರು, ಚಾಲಕರು, ಆಸ್ಪತ್ರೆಯ ಒಬ್ಬ ಆಯಾ) ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಇವತ್ತಿನ ಮೊದಲ ಇಂಗ್ಲಿಷ್ ಕ್ರಿಯಾಪದ 'ಸ್ನೀಕ್'.

"ಇದು ಕಳ್ಳರ ಮಾತಲ್ವಾ ಟೀಚರ್?" ಚಾಲಕರೊಬ್ಬರ ಅನುಮಾನ.

"ಕಳ್ಳರದ್ದೂ ಹೌದು. ಅಮ್ಮನ ಕಣ್ಣು ತಪ್ಪಿಸಿ ಸಕ್ಕರೆ ಡಬ್ಬಕ್ಕೆ ಕೈ ಹಾಕೋಕೆ ಹೋಗ್ತಿದ್ರಲ್ಲ, ಅದೂ ಇದೇ."

"ರೋಗಿಗಳಿಗೆ ಎಚ್ಚರ ಆಗ್ಬಾರ್ದು ಅಂತ ನಾನು ತುದಿಗಾಲಲ್ಲಿ ಓಡಾಡ್ತೀನಲ್ಲ?" ಎನ್ನುತ್ತಾರೆ ಆಯಾ.

"ನೀನು ಯಾರಿಂದಾನೂ ಏನೂ ಮುಚ್ಚಿಡ್ತಿಲ್ಲವಲ್ಲಮ್ಮ. ಅದು ಟಿಪ್‌ಟೋ. ಎಲ್ಲಿ, ನಡೆದು ತೋರಿಸು."

ಇಪ್ಪತ್ತಾರು ವರ್ಷಗಳಿಂದ ಪಾಠ ಹೀಗೆಯೇ: ದಿನಕ್ಕೆ ಮೂರು ಕ್ರಿಯಾಪದ, ನಡೆದು ತೋರಿಸದೆ ಯಾವುದನ್ನೂ ಬರೆಯುವಂತಿಲ್ಲ. ಊರಿಗೆಲ್ಲ ಅವರು 'ನಡಿಗೆ ಟೀಚರ್'. ಅದಕ್ಕೂ ಮುಂಚೆ ಒಂದು ವರ್ಷ ಅರ್ಥ ಬರೆಸಿ ಉರು ಹೊಡೆಸಿದರಂತೆ. ಕಲಿತದ್ದೆಲ್ಲ ಗಾಳಿಗೆ ಹೋಯಿತಂತೆ.

'ಸ್ನೀಕ್' ಬಂದ ದಿನ ಮಾತ್ರ ಅವರ ದನಿ ಇಳಿಯುತ್ತದೆ. ಅವರ ತಂದೆ ಗಿರಣಿಯ ಮೊದಲ ಪಾಳಿಯ ಕೆಲಸಗಾರ.

"ನಾನೆದ್ರೆ ಕಾಲು ತಬ್ಕೊಂಡು ಅಳ್ತೀನಿ ಅಂತ ಅಪ್ಪ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೊರಡ್ತಿದ್ರು. ನಾನು ಅರೆಗಣ್ಣು ಬಿಟ್ಟು ನೋಡ್ತಾ, ನಿದ್ದೆ ಬಂದವಳ ಹಾಗೆ ಬಿದ್ಕೊಂಡಿರ್ತಿದ್ದೆ. ಅವರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ನಿಘಂಟಲ್ಲಿ ಈ ಪದ ನೋಡಿದಾಗ ಅರ್ಥಕ್ಕಿಂತ ಮೊದ್ಲು ಅಪ್ಪನೇ ಕಂಡ್ರು."

ಪತ್ರಿಕೆಗೆ ಬರೆಯಲು ಬಂದ ನಾನು ಈ ಮಾತನ್ನು ಹಾಗೇ ಗುರುತು ಹಾಕಿಕೊಂಡೆ. ಆ ನಸುಕು, ಆ ಬಾಗಿಲು ಇವರಿಗೆ ಇನ್ನೂ ನಿನ್ನೆಯಷ್ಟು ಹತ್ತಿರ.

ಈಗ ಮಂಡಿ ಸವೆದಿದೆ. ಮುಂದಿನ ವಾರ ಶಸ್ತ್ರಚಿಕಿತ್ಸೆ, ಆಮೇಲೆ ನಾಲ್ಕು ತಿಂಗಳು ಮೆಟ್ಟಿಲು ಹತ್ತುವಂತಿಲ್ಲ. ತರಗತಿ ಒಂದು ವಾರ ನಿಂತರೂ ಕೋಣೆಗೆ ಮತ್ತೆ ಮೂಟೆ ತುಂಬುವುದಾಗಿ ಗೋದಾಮಿನ ಮಾಲೀಕರು ಹೇಳಿಬಿಟ್ಟಿದ್ದಾರೆ. ಅದಕ್ಕೇ ಇವತ್ತು ಸೀಮೆಸುಣ್ಣ ಆಯಾ ಕೈಗೆ ಬಂದಿದೆ. ಆಕೆ ಹಲಗೆಯ ಮೇಲೆ ಭೂತಕಾಲ 'ಸ್ನೀಕ್ಡ್' ಎಂದು ಬರೆದು, ಪಕ್ಕದಲ್ಲಿ 'ಸ್ನಕ್' ಕೂಡ ಸೇರಿಸಿ, ಹೆದರಿ ತಿರುಗಿ ನೋಡುತ್ತಾರೆ.

"ಎರಡೂ ನಡೆಯುತ್ತೆ. ನನ್ನ ಮುಖ ನೋಡ್ಬೇಡ, ಅವರನ್ನ ನೋಡು," ಎನ್ನುತ್ತಾರೆ ಟೀಚರ್, ಮಂಡಿ ನೀವಿಕೊಳ್ಳುತ್ತಾ.

ನಿಮ್ಮ ಆಸೆ ಏನು ಎಂದು ಕೇಳಿದೆ.

"ನಾಲ್ಕು ತಿಂಗಳಾದ ಮೇಲೆ ಒಂದು ದಿನ ಬರ್ತೀನಿ. ಪಾಠ ನಡೀತಿರುತ್ತೆ. ಮೆಲ್ಲಗೆ ನುಸುಳಿ ಹಿಂದಿನ ಬೆಂಚಲ್ಲಿ ಕೂತ್ಕೋಬೇಕು. ಒಬ್ರೂ ತಿರುಗಿ ನೋಡ್ಬಾರ್ದು."