ನಾಲ್ಕು ಮಿಲಿಮೀಟರ್ ಮೇಲಿನ ಕಿವಿ

ನನ್ನ ತಂಗಿ ಗಂಡನಿಗೆ ಕನ್ನಡಕದ ಅಂಗಡಿ. ಬೀದಿಯೋರೆಲ್ಲ ಅವನನ್ನ ಅಳತೆಪಟ್ಟಿ ಅಂತಲೇ ಕರೆಯೋದು. ಮೂವತ್ತು ವರ್ಷದಿಂದ ಜನರ ಮುಖ ಅಳೀತಾನೆ, ಒಂದು ಮುಖಾನೂ ಸರಿಯಾಗಿ ನೋಡಿಲ್ಲ. ಅದೇ ಅಂಗಡೀಲಿ ರಸೀದಿ ಬರೀತಾ ಕೂತಿದ್ದೀನಿ, ನನ್ನ ಹಣೆಬರಹ.

ಆ ಕೆಲಸದ ಗುಟ್ಟು ಇಷ್ಟೇ: ಯಾರ ಕಿವಿಗಳೂ ಒಂದೇ ಎತ್ತರದಲ್ಲಿರಲ್ಲ. ನೆಟ್ಟಗಿರೋ ಫ್ರೇಮ್ ಹಾಕಿದ್ರೆ ಮುಖದ ಮೇಲೆ ವಾಲುತ್ತೆ. ಅದಕ್ಕೇ ಒಂದು ಕಡೆ ಕಿವಿಗೆ ಸಿಕ್ಕಿಸೋ ಕಡ್ಡೀನ ಬಿಸಿ ಮಾಡಿ ಚೂರು ಬಗ್ಗಿಸಬೇಕು. ಬಗ್ಗಿಸೋದೆಲ್ಲ ಅವನ ಮಗಳು. ಇವನದು ಬರೀ ಭಾಷಣ.

"ಎಡ ಬಲ ಸಮ ಇದ್ರೇನೇ ಚಂದ. ಯಾಕೆ ಹೇಳಿ? ಕಾಯಿಲೆ ಕಸಾಲೆ ಇಲ್ದೆ ಬೆಳೆದ ಮೈ ಅಂತ ಅರ್ಥ. ಹೆಣ್ಣು ಜಿಂಕೆ ಕೂಡ ಕೊಂಬು ನೋಡೇ ಗಂಡನ್ನ ಆರಿಸೋದು!"

ಜಿಂಕೆ ಬಂದು ಇವನ ಕಿವೀಲಿ ಹೇಳಿತ್ತೇನೋ. ನನ್ನ ಕೇಳಿದ್ರೆ, ಸಮ ಇರೋದನ್ನ ಅರ್ಧ ನೋಡಿದ್ರೆ ಸಾಕು, ಉಳಿದರ್ಧ ತಾನೇ ಗೊತ್ತಾಗುತ್ತೆ. ಸೋಮಾರಿ ಕಣ್ಣಿಗೆ ಅದೇ ಚಂದ.

ಈ ಹುಚ್ಚು ಮಗಳ ಮದುವೆಗೂ ಅಡ್ಡ ಬಂತು. ಅವಳು ಮೆಚ್ಚಿದ ಹುಡುಗ ಪ್ರಾಣಿಗಳ ಡಾಕ್ಟರು. ಮನೆಗೆ ಬಂದವನಿಗೆ ನೀರು ಕೊಡೋ ಮೊದಲೇ ಈ ಮಹಾನುಭಾವ ಮುಖಕ್ಕೆ ಪಟ್ಟಿ ಹಿಡಿದ!

"ಬಲಗಿವಿ ನಾಲ್ಕು ಮಿಲಿಮೀಟರ್ ಮೇಲಿದೆ. ಈ ಸಂಬಂಧ ಬೇಡ."

"ನನ್ನ ಹತ್ರ ಬರೋ ನಾಯಿ ಒಂದೂ ಸಮ ಇಲ್ಲ ಸರ್, ಎಲ್ಲಾ ಚೆನ್ನಾಗೇ ಓಡ್ತವೆ," ಅಂದು ಹುಡುಗ ಎದ್ದು ಹೋದ.

"ದೊಡ್ಡಮ್ಮ, ಅವನನ್ನ ಬಿಟ್ರೆ ನನಗೆ ಬೇರೆ ಯಾರೂ ಬೇಡ," ಅಂತ ಹುಡುಗಿ ಅಡುಗೆಮನೇಲಿ ಗೋಳೋ ಅಂತ ಅತ್ತಳು. ನನಗೆ ಮೈಯೆಲ್ಲಾ ಉರಿದುಹೋಯ್ತು.

ಮುಂದಿನ ವಾರ ಅಳತೆಪಟ್ಟಿ ತನಗೊಂದು ಹೊಸ ಫ್ರೇಮ್ ಕೇಳಿದ. ಮಗಳು ಅವನ ಹಳೇ ಗಾಜನ್ನೇ ಅದಕ್ಕೆ ಕೂರಿಸಿ ಕೊಟ್ಟಳು. ಹಾಕ್ಕೊಂಡು ಕನ್ನಡಿ ನೋಡಿದ್ರೆ ಎಡಕ್ಕೆ ಜೋತುಬಿದ್ದಿತ್ತು.

"ಥೂ, ಸೊಟ್ಟ ಮಾಲು ಕಳಿಸಿದಾರೆ!"

ಅವಳು ಅದನ್ನ ತೆಗೆದು ಗಾಜಿನ ಮೇಜಿನ ಮೇಲಿಟ್ಟಳು. ಫ್ರೇಮ್ ಸಮವಾಗಿ ಕೂತಿತು, ಒಂದಿಷ್ಟೂ ಅಲುಗಲಿಲ್ಲ.

"ಮಾಲು ನೆಟ್ಟಗಿದೆ ಅಪ್ಪ. ಇಷ್ಟು ವರ್ಷ ನಿನ್ನದನ್ನೂ ಬಗ್ಗಿಸೇ ಕೊಡ್ತಿದ್ದೆ." ಅದೇ ಪಟ್ಟಿ ಅವನ ಮುಖಕ್ಕೆ ಹಿಡಿದಳು. "ಏಳು ಮಿಲಿಮೀಟರ್. ಅಮ್ಮ ಅಳೀದೆ ಕಟ್ಟಿಕೊಂಡ್ಲು, ಪಾಪ."

ನಾನು ರಸೀದಿ ಪುಸ್ತಕ ಮುಚ್ಚಿಟ್ಟೆ. ಇಂಥದ್ದು ನೋಡೋಕೂ ಪುಣ್ಯ ಮಾಡಿರಬೇಕು.

ಅವನು ಕೆಮ್ಮಿದ. "ಸರಿ, ಚೂರು ಬಗ್ಗಿಸಿಕೊಡು."

"ಮೊದಲು ಆ ಡಾಕ್ಟರಿಗೆ ಫೋನ್ ಮಾಡು."

ನಂಬರ್ ಕಾಣಬೇಕಲ್ಲ, ಜಾರೋ ಕನ್ನಡಕಾನ ಒಂದು ಕೈಲಿ ಎತ್ತಿ ಹಿಡ್ಕೊಂಡೇ ಫೋನ್ ಮಾಡಿದ. "ಡಾಕ್ಟ್ರೇ, ಅವತ್ತು ನನ್ನ ಪಟ್ಟಿ ಸರಿ ಇರಲಿಲ್ಲ. ಭಾನುವಾರ ಮನೆಗೆ ಬನ್ನಿ."

ತಪ್ಪನ್ನ ಪಟ್ಟಿ ಮೇಲೆ ಹಾಕಿದ, ನಾಚಿಕೆಗೆಟ್ಟೋನು. ಹುಡುಗಿ ಕಣ್ಣೊರೆಸಿಕೊಂಡು ಅಪ್ಪನ ಕನ್ನಡಕದ ಕಡ್ಡೀನ ಬಿಸಿಗೆ ಹಿಡಿದಳು.