ಪದ್ದಕ್ಕನ ಮುಂದಿನ ಹಲ್ಲು

‘ಟರ್ರ್‌ರ್’ ಎಂದು ಹೊಲಿಗೆ ಮಷಿನ್ ಓಡುತ್ತಿತ್ತು, ಥಟ್ಟನೆ ನಿಲ್ಲುತ್ತಿತ್ತು, ಆಮೇಲೆ ಒಂದು ಸಣ್ಣ ‘ಕಟಕ್!’ ಗೋಕಾಕದ ನಮ್ಮ ಓಣಿಯಲ್ಲಿ ನನಗೆ ಬೆಳಗಾಗುತ್ತಿದ್ದದ್ದೇ ಆ ಸದ್ದಿಗೆ. ಬಾಜೂ ಮನೆಯ ಪದ್ದಕ್ಕ ಹಲ್ಲಿನಿಂದ ದಾರ ಕಡಿಯುವ ಸದ್ದು ಅದು. ಕತ್ತರಿ ಅವಳ ಮಡಿಲಲ್ಲೇ ಬಿದ್ದಿರುತ್ತಿತ್ತು. ಕೇಳಿದರೆ, “ಕತ್ತರಿ ಎತ್ತಿ ಇಡೂದ್ರಾಗ ಇನ್ನೊಂದ ಗುಂಡಿ ಹಚ್ಚಿ ಮುಗಸ್ತೇನ್ರಿ ಅಕ್ಕೋರ” ಎನ್ನುತ್ತಿದ್ದಳು. ನಾನು ಇಂಗ್ಲಿಷ್ ಕಲಿಸಿ ರಿಟೈರ್ ಆದವಳು, ಹಾಗಾಗಿ ಇಡೀ ಓಣಿಗೇ ಅಕ್ಕೋರು.

ದಾರ ಕಡಿದೂ ಕಡಿದೂ ಅವಳ ಮೇಲಿನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿತ್ತು. ಒಂದು ದಿನ ನಮ್ಮೂರಿನ ಹೆಮ್ಮೆಯ ಕರದಂಟನ್ನು ಅದೇ ಹಲ್ಲಿನಿಂದ ಕಚ್ಚಿ ಎಳೆದಳು ನೋಡಿ, ಹಲ್ಲಿನ ಮೂಲೆಯೇ ಹಾರಿಹೋಯಿತು! ಅಂದಿನಿಂದ ಪದ್ದಕ್ಕ ನಕ್ಕಾಗಲೆಲ್ಲ ಸೆರಗು ಬಾಯಿಗೆ ಏರುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ನನಗೆ ಕಾನ್ವೆಂಟಿನ ಸಿಸ್ಟರ್‌ಗಳು ಮ್ಯಾನರ್ಸ್ ಎಂದು ಕಲಿಸಿದ್ದರು. ಅವಳಿಗೆ ದಾರ ಕಲಿಸಿತ್ತು.

ಹುಕ್ಕೇರಿಯಲ್ಲಿರುವ ಅವಳ ಮಗಳು ಸುನಂದಾಳ ಮನೆಯಲ್ಲಿ ಮೊಮ್ಮಗಳು ಶ್ರುತಿಯ ಲಗ್ನ ಗೊತ್ತಾಯಿತು. ಸುದ್ದಿ ಬಂದದ್ದೇ ತಡ, ಪದ್ದಕ್ಕ ನನ್ನ ಅಡುಗೆಮನೆಗೇ ನುಗ್ಗಿದಳು. “ನನ್ನ ಲಗ್ನದ ಫೋಟೋದಾಗ ಅಂಜಿ ಬಾಯಿ ಮುಚ್ಚೇನಿ. ಮಗಳ ಲಗ್ನದಾಗ ಈ ಹಲ್ಲಿನ ಸಲುವಾಗಿ ಮುಚ್ಚೇನಿ. ಈ ಕೂಸಿನ ಲಗ್ನದಾಗರ ಬಾಯ್ತುಂಬ ನಗಬೇಕ್ರಿ ಅಕ್ಕೋರ. ಒಂದs ಒಂದ ಫೋಟೋ!”

ಆ ಮಧ್ಯಾಹ್ನವೇ ಇಬ್ಬರೂ ಹಲ್ಲಿನ ಡಾಕ್ಟರ್ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹುಡುಗಿ. ಹಲ್ಲಿನ ಬಣ್ಣದ ಪುಟ್ಟ ಪುಟ್ಟ ತುಣುಕುಗಳ ಒಂದು ಸಾಲನ್ನು ಪದ್ದಕ್ಕನ ತುಟಿಯ ಹತ್ತಿರ ಹಿಡಿದಳು. ಸೀರೆಗೆ ಜಂಪರ್ ಬಟ್ಟೆ ಹೊಂದಿಸುವುದರಲ್ಲೇ ಆಯುಷ್ಯ ಕಳೆದ ಪದ್ದಕ್ಕ ಸುಮ್ಮನೆ ಮಲಗುವಳೇ? ಎದ್ದು ಕೂತಳು. “ತಡಿ ತಂಗಿ, ಟ್ಯೂಬಲೈಟಿನ್ಯಾಗ ಬಣ್ಣ ಸುಳ್ಳ ಹೇಳತೈತಿ. ಖಿಡಕಿ ಕಡೆ ನಡಿ.”

“ಅದಕ್ಕs ಖಿಡಕಿ ಬಾಜೂಕ ಕುರ್ಚಿ ಹಾಕೇನ್ರಿ, ಅಮ್ಮಾ. ಈ ಕಡೆ ಹೊಳ್ರಿ” ಎಂದು ಆ ಹುಡುಗಿ ನಕ್ಕಳು. ಇಬ್ಬರೂ ಸೇರಿ ಅಂಗಡಿಯಲ್ಲಿ ಚೌಕಾಸಿ ಮಾಡಿದಂತೆ ಬಣ್ಣ ಆರಿಸಿದರು. ಮುರಿದ ಜಾಗಕ್ಕೆ ಮೆತ್ತನೆಯ ಲೇಪ, ಅದರ ಮೇಲೆ ನೀಲಿ ಬೆಳಕು, ಮತ್ತೆ ಲೇಪ, ಮತ್ತೆ ಬೆಳಕು. ಮೈ ಗಾಡ್! ಹಳೆಯ ಹಲ್ಲು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ನನಗೆ ಗೊತ್ತೇ ಆಗಲಿಲ್ಲ. ಪದ್ದಕ್ಕ ಕನ್ನಡಿಯಲ್ಲಿ ನೋಡಿಕೊಂಡು ಕೊಟ್ಟ ಸರ್ಟಿಫಿಕೇಟು ಒಂದೇ: “ಹೊಲಿಗಿನs ಕಾಣವಲ್ದಲ್ಲs!”

ಆದರೆ ಡಾಕ್ಟರ್ ಮುಖ ಗಂಭೀರವಾಯಿತು. “ಹಲ್ಲ ಭಾಳ ಸವದೈತ್ರಿ. ಇದೂ ಒಡದ್ರ ಮತ್ತ ಹಿಂಗ ತುಂಬೂದು ಕಷ್ಟ. ದಾರಾ ಕಡಿಯೂದು ಬಂದ್. ಕರದಂಟ ಮುಂದಿನ ಹಲ್ಲೀಲೆ ಕಚ್ಚೂದು ಬಂದ್. ಎರಡ ದಿನಾ ಚಹಾ, ಅರಿಷಿಣಾ ಬ್ಯಾಡ, ಬಣ್ಣಾ ಹಿಡೀತೈತಿ. ಹಲ್ಲಪುಡಿ ಬಿಡ್ರಿ, ಗೀರ ಬೀಳತಾವು. ಮೆತ್ತನ್ನ ಬ್ರಷ್‌ಲೇ ತಿಕ್ಕರಿ. ರಾತ್ರಿ ತಿಕ್ಕಿದ ಮ್ಯಾಲ ಏನೂ ತಿನ್ನಬ್ಯಾಡ್ರಿ. ದಿನಾ ಹಲ್ಲಿನ ಸಂದ್ಯಾಗ ದಾರಾ ಆಡಸ್ರಿ.”

“ನಾವು ಜೈನರು, ತಂಗಿ. ಹೊತ್ತ ಮುಳಗಿದ ಮ್ಯಾಲ ನಾವು ಉಣ್ಣೂದs ಇಲ್ಲ. ಖರೆ ಹಲ್ಲಿಗಿ ದಾರಾ ಹಚ್ಚಬ್ಯಾಡ ಅಂತೀ, ಮತ್ತ ದಿನಾ ದಾರಾ ಹಾಕ ಅಂತೀ! ಒಂದ ಮಾತ ಹೇಳ!”

ನಗುನಗುತ್ತ ಮನೆಗೆ ಬಂದೆವು. ಆ ಸಂಜೆಯೇ ಪದ್ದಕ್ಕ ಮಷಿನ್ನಿನ ರೀಲಿನಿಂದ ದಾರ ಎಳೆದು ಹಲ್ಲಿನ ಸಂದಿಗೆ ಹಾಕಿ ವಸಡು ಕೊಯ್ದುಕೊಂಡಳು! ಮರುದಿನ ನಾನು ಮೆಡಿಕಲ್ ಅಂಗಡಿಯಿಂದ ಹಲ್ಲಿಗೆಂದೇ ಇರುವ ದಾರ, ಫ್ಲಾಸ್, ತಂದುಕೊಟ್ಟೆ. ಬೆರಳಿಗೆ ಸುತ್ತಿದಳು, ಎಳೆದಳು, ಬೆಳಕಿಗೆ ಹಿಡಿದಳು. “ದಾರಾ ಚಲೋ ಐತಿ. ಖರೆ ಗುಂಡಿ ಹಚ್ಚಾಕ ಬರೂದಿಲ್ಲ, ಜಾರತೈತಿ.”

ದಾರ ಕಡಿಯುವ ಚಟ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಮಷಿನ್ ನಿಂತ ಕೂಡಲೇ ನಾನು ಗೋಡೆಯ ಈಚೆಯಿಂದ “ಪದ್ದಕ್ಕಾ, ಹಲ್ಲು!” ಎಂದು ಕೂಗುತ್ತಿದ್ದೆ. ಕೊನೆಗೆ ಅವಳು ಒಂದು ಪುಟ್ಟ ಕತ್ತರಿಯನ್ನು ಕೆಂಪು ಲಾಡಿಗೆ ಪೋಣಿಸಿ ಕೊರಳಿಗೇ ಹಾಕಿಕೊಂಡಳು. “ಇನ್ನ ಮುಂದ ಇದs ನನ್ನ ಕಡಿಯೂ ಹಲ್ಲು.”

ಲಗ್ನದ ದಿನ ಹುಕ್ಕೇರಿಯಲ್ಲಿ ಏನಾಯಿತು ಗೊತ್ತೇ? ಶ್ರುತಿಯ ಜಂಪರ್ ಪದ್ದಕ್ಕನೇ ಹೊಲಿದದ್ದು. ಹೊರಗೆ “ಹುಡುಗೀನ ಕರಕೊಂಡ ಬರ್ರಿ” ಎಂದು ಕೂಗುತ್ತಿದ್ದಾಗಲೇ ಬೆನ್ನಿನ ಹುಕ್ಕು ಕಿತ್ತು ಬಂತು! ಪದ್ದಕ್ಕ ನಿಂತಲ್ಲೇ ಸೂಜಿ ಹಿಡಿದು ಹಚ್ಚಿದಳು, ಗಂಟು ಹಾಕಿದಳು, ಕತ್ತರಿಗೆಂದು ಕೊರಳು ತಡಕಿದಳು. ಕತ್ತರಿ ಇಲ್ಲ! “ಲಗ್ನದ ಮನ್ಯಾಗ ಕೊಳ್ಳಾಗ ಕತ್ತರಿ ಏನವ್ವಾ?” ಎಂದು ಬೆಳಿಗ್ಗೆ ಸುನಂದಾ ಅದನ್ನು ತೆಗೆಸಿ ಎಲ್ಲೋ ಇಟ್ಟಿದ್ದಳು. ಎಲ್ಲಿ ಎಂಬುದು ಅವಳಿಗೇ ನೆನಪಿಲ್ಲ. ಪದ್ದಕ್ಕನ ಬಾಯಿ ತಾನಾಗಿಯೇ ಹುಡುಗಿಯ ಬೆನ್ನಿನತ್ತ ಬಾಗಿತು. ದಾರ ತುಟಿಯೊಳಗೆ ಹೋಯಿತು.

“ಸ್ಟಾಪ್!” ಕ್ಲಾಸಿನಲ್ಲಿ ಕೂಗುತ್ತಿದ್ದ ದನಿಯಲ್ಲೇ ಕೂಗಿದೆ.

ದಾರ ಬಿಟ್ಟು ಪದ್ದಕ್ಕ ನನ್ನತ್ತ ನೋಡಿದಳು. “ಹಂಗಾರ ನೀವs ಕಡೀರಿ ಅಕ್ಕೋರ. ನಿಮ್ಮವು ಹೆಂಗೂ ಹೊಸಾವು.”

ಹೊಸವೇನೋ ಹೌದು. ಮೇಲೂ ಕೆಳಗೂ ಕಟ್ಟಿಸಿದ ಹಲ್ಲು, ಫುಲ್ ಸೆಟ್! ಕಡಿದೆ, ಎಳೆದೆ. ದಾರ ಹರಿಯಲಿಲ್ಲ. ನನ್ನ ಮೇಲಿನ ಸೆಟ್ಟೇ ಕಳಚಿ ಮದುಮಗಳ ಬೆನ್ನಿಗೆ ತಗುಲಿ ಕೈಗೆ ಬಂತು! ಅದನ್ನು ನೋಡಿ ಪದ್ದಕ್ಕ ನಕ್ಕಳು. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಜಂಪರಿನ ಅಂಚು. ಸೆರಗು ಎತ್ತಲು ಕೈಯೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಫೋಟೋದವನು ಒತ್ತಿಯೇಬಿಟ್ಟ.

ಆ ಫೋಟೋ ನನ್ನ ಟೇಬಲ್ ಮೇಲಿದೆ. ಅದರಲ್ಲಿ ಪದ್ದಕ್ಕ ಬಾಯ್ತುಂಬ ನಗುತ್ತಿದ್ದಾಳೆ. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದೇನೆ, ಪರ್ಫೆಕ್ಟ್ ಮ್ಯಾನರ್ಸ್!

ಆಮೇಲೆ ಅವಳು ಮಷಿನ್ ಸಮೇತ ತಮ್ಮನ ಮನೆಯಲ್ಲೇ ಇರಲೆಂದು ಮೂಡಲಗಿಗೆ ಹೋದಳು. ಹೋದ ಚಳಿಗಾಲದಲ್ಲಿ ಸುನಂದಾಳ ಫೋನ್ ಬಂತು. ರಾತ್ರಿ ಮಲಗಿದ ಪದ್ದಕ್ಕ ಬೆಳಿಗ್ಗೆ ಏಳಲಿಲ್ಲವಂತೆ.

ನಾನು ಅವಳನ್ನು ಕೊನೆಗೆ ನೋಡಿದ್ದು ಮೂಡಲಗಿ ಬಸ್‌ಸ್ಟ್ಯಾಂಡಿನಲ್ಲಿ. ಭೇಟಿಗೆ ಹೋಗಿದ್ದ ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದಳು. ಕೊರಳಲ್ಲಿ ಅದೇ ಕತ್ತರಿ. ಕಿಟಕಿಯಿಂದ ಬಗ್ಗಿ, “ಹಲ್ಲು ಹೆಂಗೈತ್ರಿ, ಪದ್ದಕ್ಕಾ?” ಎಂದೆ. ತುಟಿ ಸರಿಸಿ ಉಗುರಿನಿಂದ ಟಕಟಕ ಬಡಿದು ತೋರಿಸಿದಳು. “ಗಟ್ಟಿ ಐತ್ರಿ! ನಿಮ್ಮವು ಜಾಗಾದಾಗ ಅದಾವಿಲ್ಲೋ?”

ನಗು ತಡೆಯಲಾಗಲಿಲ್ಲ. ರೂಢಿಯಂತೆ ಕೈ ಬಾಯಿಗೆ ಏರಿತು. ಅರ್ಧಕ್ಕೇ ಇಳಿಸಿ ಅವಳತ್ತ ಬೀಸಿದೆ. ಬಸ್ಸು ತಿರುಗುವವರೆಗೂ ಪದ್ದಕ್ಕ ನಗುತ್ತಲೇ ನಿಂತಿದ್ದಳು. ಸೆರಗು ಹೆಗಲ ಮೇಲೇ ಇತ್ತು.